ಬಚ್ಚಲೊಲೆ ಕಟ್ಟೆಯ ಮೇಲೆ ಪೈನ್ ಕಾಯಿ

17 ಆಗಸ್ಟ್ 2025, ಭಾನುವಾರ
ಉಡುಪಿ

ಬೆಳಗ್ಗಿನಿಂದ ಬಿಡದೆ ಮಳೆ. ಅತ್ತಿಗೆ ಮೇ ತಿಂಗಳಲ್ಲಿ ಶಿಮ್ಲಾ ಕಡೆಯಿಂದ ತಂದ ಪೈನ್ ಕಾಯಿ ಶೋಕೇಸಿನಲ್ಲಿ ಮುಚ್ಚಿಕೊಂಡು ಕೂತಿದೆ. ತಂದಾಗ ಎಸಳು ಎಸಳಾಗಿ ಬಿರಿದಿತ್ತು. "ಹಾಳಾಯ್ತು, ಬಿಸಾಡು" ಅಂದರು ಅತ್ತಿಗೆ. ಹಾಳಾಗಿಲ್ಲ. ಎಸಳಿನ ಹೊರಪದರ ತೇವ ಕುಡಿದು ಉಬ್ಬುತ್ತದೆ, ಒಳಪದರ ಅಷ್ಟು ಉಬ್ಬುವುದಿಲ್ಲ. ಹಾಗಾಗಿ ಎಸಳು ಒಳಕ್ಕೆ ಬಾಗಿ ಮುಚ್ಚಿಕೊಳ್ಳುತ್ತದೆ. ಕಾಯಿಯನ್ನು ಬಚ್ಚಲೊಲೆ ಕಟ್ಟೆಯ ಮೇಲಿಟ್ಟೆ. ಊಟ ಮುಗಿಸಿ ಹೋಗಿ ನೋಡಿದರೆ ಮತ್ತೆ ಬಿಚ್ಚಿಕೊಂಡಿತ್ತು. ಪ್ರತಿ ಎಸಳಿನ ಬುಡದಲ್ಲಿ ಎರಡೆರಡು ಗುಳಿ, ಬೀಜ ಕೂತಿದ್ದ ಜಾಗ. ಹೆಚ್ಚಿನವು ಖಾಲಿ. ಒಂದು ಬೀಜ ಮಾತ್ರ ಸಿಕ್ಕಿಕೊಂಡಿತ್ತು. ಅದರ ರೆಕ್ಕೆ ಗೆದ್ದಲು ಹುಳದ ರೆಕ್ಕೆಯಷ್ಟು ತೆಳ್ಳಗೆ, ಉಸಿರು ತಾಗಿದರೆ ಅಲ್ಲಾಡುತ್ತದೆ.

ಕಾಯಿಯ ಈ ಗುಣವನ್ನೇ ನೆಚ್ಚಿಕೊಂಡು ಬದುಕುವ ಪ್ರಾಣಿ ಒಂದಿದೆ. ಉತ್ತರ ಅಮೆರಿಕದ ಕೆಂಪು ಅಳಿಲು. ಅಲ್ಲಿ ಬೇಸಿಗೆ ಮುಗಿಯುವ ಈ ಹೊತ್ತಿಗೆ ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಪೈನ್ ಬಳಗದ್ದೇ ಆದ ಸ್ಪ್ರೂಸ್ ಮರದ ಕಾಯಿಗಳನ್ನು ಬಿರಿಯುವ ಮೊದಲೇ ಕಡಿದು ಬೀಳಿಸಿ, ಒಂದೇ ಕಡೆ ರಾಶಿ ಹಾಕುತ್ತದೆ. ಹಿಂದಿನ ಅಳಿಲುಗಳು ತಿಂದುಬಿಟ್ಟ ಎಸಳಿನ ಕಸವೇ ಉಗ್ರಾಣ. ಒಂದು ಸತ್ತರೆ ಇನ್ನೊಂದು ಬಂದು ಅದೇ ರಾಶಿಯನ್ನು ಹಿಡಿಯುತ್ತದೆ, ಬೇರೆ ಅಳಿಲು ಹತ್ತಿರ ಸುಳಿದರೆ ಅರಚಿ ಓಡಿಸುತ್ತದೆ. ಕಸದೊಳಗೆ ತಂಪು, ತೇವ. ಕಾಯಿ ಬಾಯಿ ಬಿಡುವುದಿಲ್ಲ, ಬೀಜ ಒಳಗೇ ಉಳಿಯುತ್ತದೆ. ಅಳಿಲಿಗೆ ಚಳಿಗಾಲದ ಊಟ ಗ್ಯಾರಂಟಿ. ಮರಕ್ಕೆ ಮಾತ್ರ ಪೂರ್ತಿ ನಷ್ಟ. ಆ ರಾಶಿಯಡಿಯಿಂದ ಸಸಿ ಏಳುವುದು ಅಪರೂಪ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕರಡಿಗಳು ಇಂಥ ರಾಶಿಗಳನ್ನು ಅಗೆದು ವೈಟ್‌ಬಾರ್ಕ್ ಪೈನ್ ಬೀಜ ದೋಚುತ್ತವೆ. ದೊಡ್ಡವರು ಎಲ್ಲ ಕಡೆ ಹಾಗೇ.

ಮರಗಳೂ ಸುಮ್ನೆ ಕೂತಿಲ್ಲ. ಸ್ಪ್ರೂಸ್ ಕೆಲವು ವರ್ಷ ಕಾಯಿಯನ್ನೇ ಬಿಡುವುದಿಲ್ಲ ಎನ್ನಬಹುದು. ತಿನ್ನುವವರು ಹಸಿವಿನಿಂದ ಕಡಿಮೆಯಾಗುತ್ತಾರೆ. ಆಮೇಲೆ ಒಂದು ವರ್ಷ ಇಡೀ ಕಾಡಿನ ಮರಗಳು ಒಟ್ಟಿಗೇ ಕಾಯಿ ಸುರಿಸುತ್ತವೆ, ತಿಂದು ಮುಗಿಯದಷ್ಟು. ಆದರೆ ಅಳಿಲೂ ಕಮ್ಮಿ ಇಲ್ಲ. ಕೆನಡಾದ ಯೂಕಾನ್‌ನಲ್ಲಿ ವರ್ಷಗಟ್ಟಲೆ ಅಳಿಲುಗಳ ಬೆನ್ನು ಹತ್ತಿದ ವಿಜ್ಞಾನಿಗಳು 2006ರಲ್ಲಿ ಒಂದು ವಿಷಯ ಪ್ರಕಟಿಸಿದರು. ಕಾಯಿ ಜಾಸ್ತಿ ಬರುವ ವರ್ಷ ಅಳಿಲುಗಳು ಕಾಯಿ ಬಲಿಯುವ ಮೊದಲೇ ಜಾಸ್ತಿ ಮರಿ ಹಾಕುತ್ತವೆ! ಮೊಗ್ಗು ತಿನ್ನುವಾಗಲೇ ಸುಳಿವು ಸಿಗುತ್ತಿರಬಹುದು ಎಂಬ ಊಹೆ ಇದೆ.

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಆಗಾಗ ಒಂದು ಸಂದೇಶ ಬರುತ್ತದೆ. ಅಳಿಲಿನ ಮರೆವಿನಿಂದ ಕೋಟಿಗಟ್ಟಲೆ ಮರ ಹುಟ್ಟುತ್ತವಂತೆ, ಕೆಳಗೆ ಕೈಮುಗಿದ ಚಿತ್ರ. ಯಾವ ಅಳಿಲು ಮಾರಾಯ್ರೆ? ರಾಶಿ ಹಾಕುವುದೋ, ಚದುರಿಸಿ ಹೂಳುವುದೋ? ಕಾಡಿಗೆ ವ್ಯತ್ಯಾಸ ಆಗುವುದೇ ಅಲ್ಲಿ.

ಚದುರಿಸುವುದರಲ್ಲಿ ಚಿಪ್‌ಮಂಕ್ ಗಟ್ಟಿ. ಅದೂ ಅಳಿಲಿನ ಜಾತಿಯದೇ, ಬೆನ್ನಿಗೆ ನಮ್ಮ ಅಳಿಲಿನಂತೆ ಪಟ್ಟೆ, ಕೆನ್ನೆಯೊಳಗೆ ಚೀಲ. ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಜೆಫ್ರಿ ಪೈನ್ ಬೀಜಕ್ಕೆ ರೆಕ್ಕೆ ಇದ್ದರೂ ಜಾಸ್ತಿ ದೂರ ಹಾರುವುದಿಲ್ಲ. ಚಿಪ್‌ಮಂಕ್ ಅದನ್ನು ಹೆಕ್ಕಿ, ಕೆನ್ನೆ ತುಂಬಿಕೊಂಡು ಹೋಗಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಮೇಲ್ಮಣ್ಣಿನಲ್ಲೇ ಹೂಳುತ್ತದೆ. ಸ್ಟೀಫನ್ ವಾಂಡರ್ ವಾಲ್ ಎಂಬ ವಿಜ್ಞಾನಿ ಇದನ್ನು ಪತ್ತೆ ಮಾಡಿದ ರೀತಿ ನನಗೆ ಭಾರೀ ಇಷ್ಟ. ಬೀಜಗಳಿಗೆ ಸ್ಕ್ಯಾಂಡಿಯಂ-46 ಎಂಬ ವಿಕಿರಣ ಸೂಸುವ ವಸ್ತು ಹಚ್ಚಿ ಕಾಡಿನಲ್ಲಿಟ್ಟರು. ಆಮೇಲೆ ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಹಿಡಿದು ನೆಲ ಹುಡುಕಿದರು. ಯಂತ್ರ ಸದ್ದು ಮಾಡಿದಲ್ಲಿ ಬೀಜ. ಹಾಗೆ ಹೂತು ಉಳಿದ ಬೀಜಗಳಿಂದಲೇ ಗುಂಪು ಗುಂಪಾಗಿ ಸಸಿ ಬರುತ್ತವೆ.

ಇದರಲ್ಲಿ ಮರೆವಿನ ಪಾಲು ಕಡಿಮೆ. ಚಿಪ್‌ಮಂಕ್‌ಗೆ ನೆನಪು ಚೆನ್ನಾಗಿಯೇ ಇದೆ. ಬೇಕಾದ್ದಕ್ಕಿಂತ ಜಾಸ್ತಿ ಹೂತಿದ್ದರೆ, ಅಥವಾ ಹೂತ ಪ್ರಾಣಿಯೇ ಸತ್ತರೆ, ಬೀಜ ಬಚಾವ್. ಅದೂ ಕಳ್ಳರ ಕಣ್ಣು ತಪ್ಪಿಸಿದರೆ. ಮಣ್ಣು ಒದ್ದೆಯಾದರೆ ವಾಸನೆ ಏಳುತ್ತದೆ, ಇಲಿಗಳು ಜಾಡು ಹಿಡಿದು ಬಂದು ಅಗೆದು ತಿನ್ನುತ್ತವೆ.

ಇಲಿಗಳ ಬಿಸಿ ಅಲ್ಲಿನ ಅರಣ್ಯದವರಿಗೂ ತಟ್ಟಿದೆ. ಮರ ಕಡಿದ ಜಾಗದಲ್ಲಿ ಪೈನ್ ಬಳಗದ ಡಗ್ಲಸ್ ಫರ್ ಮರದ ಬೀಜ ಚೆಲ್ಲಿದರೆ ಡಿಯರ್ ಮೌಸ್ ಎಂಬ ಇಲಿ ತಿಂದು ಮುಗಿಸುತ್ತಿತ್ತು. ಕಳೆದ ಶತಮಾನದ ಮಧ್ಯದಲ್ಲಿ ಬೀಜಕ್ಕೆ ಎಂಡ್ರಿನ್ ವಿಷ ಹಚ್ಚಿ ಬಿತ್ತಿದರು. ಕಾಡು ಬೆಳೆಸಲು ವಿಷ! ಅದೇ ಕಾಡಿನ ವೋಲ್ ಇಲಿಗಳೂ ಹಾರುವ ಅಳಿಲುಗಳೂ ನೆಲದಡಿಯ ಟ್ರಫಲ್ ಅಣಬೆ ತಿಂದು, ಹಿಕ್ಕೆಯ ಜೊತೆ ಅದರ ಬೀಜಕಣ ಹರಡುತ್ತವೆ. ಅಂಥ ಶಿಲೀಂಧ್ರಗಳು ಬೇರಿಗೆ ಕೂಡಿಕೊಂಡರೇ ಡಗ್ಲಸ್ ಫರ್ ಸಸಿ ಚೆನ್ನಾಗಿ ಮೇಲೇಳುವುದು. ಬೀಜ ತಿಂದ ಲೆಕ್ಕ ಮಾತ್ರ ಬರೆದರೆ ಸಾಕಾಗುವುದಿಲ್ಲ, ಅಲ್ವಾ?

ನಮ್ಮ ಕಡೆ ಪೈನ್ ಕಾಡಿಲ್ಲ. ಮಲ್ಪೆ ಬೀಚಿನ ಗಾಳಿಮರ ನೋಡಲು ಹಾಗೇ ಕಂಡರೂ ಅದು ಹೂ ಬಿಡುವ ಗುಂಪಿನದು. ಅದರ ಪುಟಾಣಿ ಮುಳ್ಳುಕಾಯಿ ಬರಿಗಾಲಿಗೆ ಚುಚ್ಚಿದವರಿಗೆ ಗೊತ್ತು. ನಮ್ಮಲ್ಲಿ ಅಳಿಲು ಅಂದರೆ ಕೊಕ್ಕೋ. ಹಣ್ಣಾಗುತ್ತಿದ್ದ ಹಾಗೆ ತೂತು ಕೊರೆದು, ಬಿಳಿ ಲೋಳೆ ಚೀಪಿ, ಬೀಜವನ್ನು ಕೆಳಗೆ ಬಿಟ್ಟುಹೋಗುತ್ತದೆ. ಈ ಮಳೆಗೆ ಅವು ಬಿದ್ದಲ್ಲೇ ಮೊಳೆತಿವೆ.

ಸಂಜೆ ಚಾ ಕುಡಿಯುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಅಡಿಕೆ ಬುಡದಲ್ಲಿ ಅಳಿಲು ನೆಟ್ಟ ಕೊಕ್ಕೋ ಸಸಿ ಕೀಳುವುದು ಯಾರು, ನಿನ್ನ ಆ ವಾಂಡರ್ ವಾಲಾ?" ಅಂದರು. ನಾಳೆ ಮಳೆ ಸ್ವಲ್ಪ ಬಿಟ್ಟರೆ ಆ ಕೆಲಸ ನನ್ನದೇ.