58 ಸೆಂಟಿಮೀಟರಿನ ಗೆರೆ

2003ರಿಂದ 2006ರವರೆಗೆ ಕಾರವಾರದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ನಾನು ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಕೆಡೆಟ್ ಆಗಿದ್ದೆ. ಕಾಳಿ ನದಿ ಸಮುದ್ರವನ್ನು ಸೇರುವ ಕಡೆ, ಸದಾಶಿವಗಡದ ಗುಡ್ಡಕ್ಕೆ ಎದುರಾಗಿ ಹರಡಿಕೊಂಡಿರುವ ಅಗಲವಾದ ನೀರಿನಲ್ಲಿ ನಮಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದ ಕಾಳಿ ಸೇತುವೆ ಆಗ ನಮಗೆ ದೂರದಿಂದ ದಿಕ್ಕು ಹಿಡಿಯುವ ಗುರುತಾಗಿತ್ತು. ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ಹೊಳೆದದ್ದು ಆ ದೋಣಿಯಲ್ಲಿ ಕೂರುವುದನ್ನು ಕಲಿತ ಬಗೆ.

ನಮ್ಮದು ಎಂಟರ್‌ಪ್ರೈಸ್ ಎಂಬ ಜಾತಿಯ ದೋಣಿ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ, 1956ರಲ್ಲಿ ಬಳಕೆಗೆ ಬಂದ, ನೀಲಿ ಹಾಯಿಗೆ ಹೆಸರಾದ ದೋಣಿ ಅದು. ಉದ್ದ ನಾಲ್ಕು ಮೀಟರಿಗಿಂತ ತುಸು ಹೆಚ್ಚು, ಅಗಲ 1.6 ಮೀಟರು, ಕಂಬ, ಹಾಯಿಗಳನ್ನು ಬಿಟ್ಟರೆ ಬರಿಯ ಒಡಲಿನ ತೂಕ ಸುಮಾರು 94 ಕಿಲೋ. ನಡೆಸುವವರು ಇಬ್ಬರು. ಚುಕ್ಕಾಣಿ ಹಿಡಿಯುತ್ತಿದ್ದ ನಾನು ಆಗ 45 ಕಿಲೋ, ಮುಂದಿನ ಹಾಯಿ ನೋಡಿಕೊಳ್ಳುತ್ತಿದ್ದ ನನ್ನ ಗೆಳತಿ 62 ಕಿಲೋ. ಒಟ್ಟು 107. ಎಂದರೆ ಆ ದೋಣಿಗಿಂತ ಅದರಲ್ಲಿ ಕುಳಿತ ನಾವೇ ಭಾರವಾಗಿದ್ದೆವು. ದೊಡ್ಡ ಹಡಗಿನಲ್ಲಿ ಒಬ್ಬರು ಈ ಬದಿಯಿಂದ ಆ ಬದಿಗೆ ನಡೆದರೆ ಹಡಗಿಗೆ ಏನೂ ಅನ್ನಿಸುವುದಿಲ್ಲ. ಇಲ್ಲಿ ಒಂದು ಗೇಣು ಸರಿದರೂ ದೋಣಿ ಅದಕ್ಕೆ ಕೂಡಲೇ ಉತ್ತರ ಕೊಡುತ್ತಿತ್ತು.

ನಮ್ಮ ಎನ್‌ಸಿಸಿ ಅಧಿಕಾರಿ ಭೌತಶಾಸ್ತ್ರದ ಅಧ್ಯಾಪಕರೇ ಆಗಿದ್ದರು. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಇಬ್ಬರೂ ಒಂದೊಂದು ಬದಿಗೆ ಕೂರಬೇಕು. ನಾವು ಎದುರುಬದುರಾಗಿ ಒಂದೇ ಅಳತೆಯಲ್ಲಿ ಕುಳಿತದ್ದರಿಂದ ದೋಣಿ ಗೆಳತಿಯ ಕಡೆಗೆ ವಾಲಿಕೊಂಡೇ ಹೋಗಿ ಬಂತು. ದಡಕ್ಕೆ ಬಂದ ಮೇಲೆ ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು, ನಡುಗೆರೆಯಿಂದ ಅಂಚಿಗೆ 80 ಸೆಂಟಿಮೀಟರು ಎಂದು ಅಳೆದು, ಅದನ್ನು 45ರಿಂದ ಗುಣಿಸಿ 62ರಿಂದ ಭಾಗಿಸಲು ಹೇಳಿದರು. ಉತ್ತರ 58 ಬಂತು. ನಾನು ಅಂಚಿನಲ್ಲಿ ಕುಳಿತರೆ ಅವಳು ನಡುವಿನಿಂದ 58 ಸೆಂಟಿಮೀಟರು ದೂರದಲ್ಲಿ ಕೂರಬೇಕು. ಅಷ್ಟಕ್ಕೆ ಅವರು ಒಂದು ಬಿಳಿ ಗೆರೆ ಎಳೆದರು. ಪಿಯುಸಿಯಲ್ಲಿ ಸನ್ನೆಗೋಲಿನ ಲೆಕ್ಕವನ್ನು ನಾನು ಎಷ್ಟೋ ಸಲ ಮಾಡಿದ್ದೆ. ಅದರ ಒಂದು ತುದಿಯಲ್ಲಿ ನಾನೇ ಕುಳಿತದ್ದು ಆಗಲೇ.

ಎಡಬಲದ ಸಮತೋಲಕ್ಕೆ ಲೆಕ್ಕವಿತ್ತು, ಹಿಂದುಮುಂದಿನ ಸಮತೋಲವನ್ನು ಕಲಿಸಿದವರು ಬೋಟ್ ಕೀಪರ್. ಅವರು ಮೀನುಗಾರರ ಮನೆತನದವರು. ಬೆಳಗಿನ ಮಂದಗಾಳಿಯಲ್ಲಿ ಚುಕ್ಕಾಣಿಗೆ ಹತ್ತಿರವಿರುವುದೇ ಅನುಕೂಲವೆಂದು ನಾನು ಹಿಂದೆ ಸರಿದು ಕುಳಿತಿರುತ್ತಿದ್ದೆ. ನನ್ನೊಡನೆ ಮಾತಾಡಲು ಗೆಳತಿಯೂ ಹಿಂದಕ್ಕೆ ಬರುತ್ತಿದ್ದಳು. ಒಂದು ದಿನ ಅವರು ಪಕ್ಕದ ದೋಣಿಯಿಂದ, "ತಂಗೀ, ಹಿಂದೆ ನೀರು ಗುಳುಗುಳು ಅಂತದೆ, ಕೇಳ್ತಿಲ್ವಾ? ಇಬ್ರೂ ಮುಂದೆ ಬನ್ನಿ" ಎಂದರು. ಕಿವಿಗೊಟ್ಟಾಗ ಹಿಂಬದಿಯ ಹಲಗೆಯ ಕೆಳಗೆ ನೀರು ಸುಳಿದು, ಗುಳ್ಳೆಯೆದ್ದು ಒಡೆಯುವ ಸದ್ದು ನಿಜವಾಗಿಯೂ ಕೇಳಿಸಿತು. ನಮ್ಮ ಭಾರಕ್ಕೆ ಹಿಂಭಾಗ ಮುಳುಗಿ, ದೋಣಿ ತನ್ನ ಹಿಂದೆ ನೀರನ್ನು ಎಳೆದುಕೊಂಡು ಹೋಗುತ್ತಿತ್ತು. ಗೆಳತಿ ಕಂಬದ ಬುಡಕ್ಕೆ, ನಾನು ನಡುವಿನ ಅಡ್ಡಹಲಗೆಯ ಹತ್ತಿರಕ್ಕೆ ಸರಿದ ಕೂಡಲೇ ಆ ಸದ್ದು ನಿಂತಿತು. ನೀರು ಹಿಂಬದಿಯಿಂದ ನುಣುಪಾಗಿ ಬಿಟ್ಟುಕೊಟ್ಟಿತು. ಗಾಳಿ ಹೆಚ್ಚಾಗಿ ದೋಣಿ ನೀರ ಮೇಲೆ ಜಾರತೊಡಗಿದರೆ ಇದೇ ಮಾತು ತಿರುಗುಮುರುಗು: ಆಗ ಹಿಂದೆ ಸರಿದು ಮೂತಿಯನ್ನು ಎತ್ತಿಕೊಡಬೇಕು. ಹೇಗಿದ್ದರೂ ಇಬ್ಬರೂ ಒತ್ತಾಗಿ ಕೂರಬೇಕು. ಭಾರ ಎರಡು ತುದಿಗಳಿಗೆ ಹಂಚಿಹೋದರೆ ದೋಣಿ ಪ್ರತಿ ಅಲೆಗೂ ಏತದಂತೆ ಏರಿಳಿಯುತ್ತದೆ.

ಮಧ್ಯಾಹ್ನ ಕಡಲಗಾಳಿ ಏಳುತ್ತಿದ್ದಂತೆ ಕೆಲಸ ಬೇರೆಯೇ ಆಗುತ್ತಿತ್ತು. ಗಾಳಿಗೆ ಓರೆಯಾಗಿ ಎದುರೇರುವಾಗ ಇಬ್ಬರೂ ಗಾಳಿ ಬರುವ ಬದಿಯ ಅಂಚಿನ ಮೇಲೆ ಕುಳಿತು, ತಳದಲ್ಲಿ ಕಟ್ಟಿದ ಪಟ್ಟಿಗೆ ಪಾದ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಬೇಕಾಗಿತ್ತು. ದೋಣಿ ವಾಲುತ್ತಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಕೈ ತಿಳಿಯುತ್ತಿತ್ತು, ಏಕೆಂದರೆ ವಾಲಿದ ದೋಣಿಯ ಆಕಾರ ನೀರಿನಲ್ಲಿ ಒಂದು ಮಗ್ಗುಲಿಗೆ ಸೊಟ್ಟಗಾಗಿ, ಹಾಯಿಯ ಎಳೆತವೂ ಹೊರಗೆ ಸರಿದು, ಮೂತಿ ತಾನಾಗಿಯೇ ಗಾಳಿಯ ಕಡೆಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವ ಚುಕ್ಕಾಣಿಯ ಹಿಡಿ ಭಾರವಾಗುತ್ತದೆ. ಮೊದಮೊದಲು ನಾನು ತೋಳಿನ ಬಲದಿಂದ ಅದರೊಡನೆ ಗುದ್ದಾಡುತ್ತಿದ್ದೆ. ಇನ್ನೊಂದು ಗೇಣು ಹೊರಗೆ ಬಾಗಿ ದೋಣಿಯನ್ನು ಮಟ್ಟಕ್ಕೆ ತಂದರೆ ಅದೇ ಹಿಡಿಯನ್ನು ಎರಡು ಬೆರಳುಗಳಲ್ಲಿ ಹಿಡಿಯಬಹುದೆಂದು ತಿಳಿಯಲು ನನಗೆ ಒಂದು ವರ್ಷವೇ ಬೇಕಾಯಿತು.

ಎರಡನೆಯ ವರ್ಷದ ಜನವರಿಯಲ್ಲಿ ನಾವು ಮಗುಚಿದೆವು. ವಾಯವ್ಯದ ಗಾಳಿಗೆ ಇಬ್ಬರೂ ಪೂರ್ತಿ ಹೊರಚಾಚಿಕೊಂಡು ಹೋಗುತ್ತಿದ್ದಾಗ ದೋಣಿ ಸದಾಶಿವಗಡದ ಗುಡ್ಡದ ಮರೆಗೆ ಬಂತು. ಗಾಳಿ ಒಮ್ಮೆಲೇ ನಿಂತಿತು. ಹಾಯಿಯ ತಳ್ಳು ಇಲ್ಲವಾದ ಮೇಲೆ ಉಳಿದದ್ದು ನಮ್ಮ 107 ಕಿಲೋ ಮಾತ್ರ. ಒಳಗೆ ಜಿಗಿಯುವಷ್ಟರಲ್ಲಿ ದೋಣಿ ನಮ್ಮ ಮೇಲೆಯೇ ಬಿತ್ತು, ಒದ್ದೆ ಹಾಯಿ ತಲೆಯ ಮೇಲೆ ಕವುಚಿಕೊಂಡಿತು. ಲೈಫ್ ಜಾಕೆಟ್ ಇದ್ದುದರಿಂದ ಪ್ರಾಣಭಯವಾಗಲಿಲ್ಲ. ಎತ್ತಲು ನಾನು ಸೆಂಟರ್‌ಬೋರ್ಡಿನ, ಎಂದರೆ ದೋಣಿಯ ತಳದಿಂದ ಹೊರಚಾಚಿರುವ ಹಲಗೆಯ, ಮೇಲೆ ಹತ್ತಿ ನಿಂತೆ, ದೋಣಿ ಕದಲಲಿಲ್ಲ. ಗೆಳತಿ ಹತ್ತಿ ಅದರ ತುದಿಯಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಕಂಬ ನಿಧಾನವಾಗಿ ನೀರು ಬಿಟ್ಟು ಎದ್ದಿತು. ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಒಳಗೆ ತುಂಬಿದ ನೀರು ಹತ್ತು ಬಕೆಟ್ ಆದರೂ ಸುಮಾರು 100 ಕಿಲೋ, ದೋಣಿಯ ಒಡಲಿಗಿಂತ ಹೆಚ್ಚು. ಅದೂ ಕುಳಿತಲ್ಲಿ ಕೂರದ ಭಾರ, ದೋಣಿ ಯಾವ ಕಡೆಗೆ ತುಸು ವಾಲಿದರೂ ಅದೇ ಕಡೆಗೆ ನುಗ್ಗಿ ಇನ್ನಷ್ಟು ವಾಲಿಸುವ ಭಾರ. ನಾನು ನಡುವೆ ಕದಲದೆ ಕುಳಿತೆ, ಅವಳು ಬಕೆಟ್ಟಿನಿಂದ ನೀರು ಮೊಗೆದು ಹೊರಗೆ ಚೆಲ್ಲಿದಳು. ಅವತ್ತಿನಿಂದ ಗುಡ್ಡದ ಕೆಳಗೆ ನೀರಿನ ಮೇಲಿನ ಸುಕ್ಕುಗಳು ಮಾಯವಾಗಿ ಗಾಜಿನಂತೆ ಕಂಡಲ್ಲಿ, ಅಲ್ಲಿಗೆ ತಲುಪುವ ಮೊದಲೇ ನಾವು ಒಳಗೆ ಸರಿದು ಕೂರುತ್ತಿದ್ದೆವು.

ಸೀಮೆಸುಣ್ಣದ ಗೆರೆ ಪ್ರತಿ ಸಲವೂ ತೊಳೆದುಹೋಗುತ್ತಿತ್ತು, ಗೆಳತಿ ಪ್ರತಿ ಸಲವೂ ಹೊಸದಾಗಿ ಎಳೆಯುತ್ತಿದ್ದಳು. ಮೂರನೆಯ ವರ್ಷ ಅವಳು ಎಳೆಯುವುದನ್ನು ಬಿಟ್ಟಳು. ನಾನೊಮ್ಮೆ ಕುತೂಹಲಕ್ಕೆ ಅವಳು ಕುಳಿತ ಜಾಗವನ್ನು ಅಳೆದು ನೋಡಿದಾಗ 60 ಸೆಂಟಿಮೀಟರು ಇತ್ತು. ಈಗ ದೋಣಿ ಹತ್ತುವ ಕೆಡೆಟ್‌ಗಳು ತಮ್ಮ ತೂಕಕ್ಕೆ ತಕ್ಕ ಗೆರೆಯನ್ನು ತಾವೇ ಲೆಕ್ಕ ಹಾಕಿ ಎಳೆದುಕೊಳ್ಳಬೇಕು. 58 ನಮ್ಮಿಬ್ಬರದು.