ನಮಗೇ ಸ್ಕೇಟಿಂಗ್ ಬರಲ್ಲ, ಮಗುವನ್ನು ಐಸ್ ಹಾಕಿಗೆ ಸೇರಿಸೋದು ಹೇಗೆ?

ಟೊರಾಂಟೊ ಸುತ್ತಮುತ್ತ ಕನ್ನಡದವರು ಸೇರಿದ ಕಡೆಯೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ. ನನ್ನ ಮಗಳು ಹಾಕಿ ಆಡುತ್ತಾಳೆ ಎಂದು ಗೊತ್ತಾದರೆ ಸಾಕು, ಯುಗಾದಿ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. "ಸ್ಕೂಲಲ್ಲಿ ಎಲ್ಲರೂ ಆಡ್ತಾರೆ ಅಂತ ಇವನೂ ಹಠ ಹಿಡಿದಿದ್ದಾನೆ. ನಮಗಿಬ್ಬರಿಗೂ ಐಸ್ ಮೇಲೆ ನಿಲ್ಲೋಕೇ ಬರಲ್ಲ. ಎಲ್ಲಿಂದ ಶುರು ಮಾಡೋದು?"

ಹಾಕಿಯನ್ನು ಒಂದು ಚಳಿಗಾಲದ ಮಟ್ಟಿಗೆ ಪಕ್ಕಕ್ಕಿಡಿ ಅನ್ನುತ್ತೇನೆ. ಮೊದಲು ಸ್ಕೇಟಿಂಗ್ ಕಲಿಸಿ.

ಸ್ಕೇಟಿಂಗ್ ಬರದ ಮಗುವಿನ ಗಮನವೆಲ್ಲ ಬೀಳದಿರುವುದರ ಮೇಲೇ ಇರುತ್ತದೆ. ಕೋಚ್ ಹೇಳಿದ್ದು ಕಿವಿಗೆ ಬೀಳುವುದಿಲ್ಲ, ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಎಲ್ಲಿದೆ ಎಂದು ಕಾಣುವುದಿಲ್ಲ. ಕೈಯಲ್ಲಿ ಸ್ಟಿಕ್ ಇದ್ದರೆ ಅದರ ಮೇಲೆ ಭಾರ ಹಾಕಿ ನಿಲ್ಲುವುದು ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಇಲ್ಲಿನ ಸ್ಕೇಟಿಂಗ್ ಸಂಸ್ಥೆ ಸ್ಕೇಟ್ ಕೆನಡಾದವರ ಕ್ಯಾನ್‌ಸ್ಕೇಟ್ ಎಂಬ ತರಗತಿಗಳಿವೆ, ನಗರಸಭೆಯ ತರಗತಿಗಳೂ ಇವೆ. ಮೊದಲ ಪಾಠವೇ ಬೀಳುವುದು, ಬಿದ್ದು ಏಳುವುದು. ಆಮೇಲೆ ಮೊಣಕಾಲು ಬಗ್ಗಿಸಿ ಜಾರುವುದು, ನಿಲ್ಲಿಸುವುದು. ವಾರಾಂತ್ಯದಲ್ಲಿ ನೀವೂ ಜೊತೆಗೆ ಹೋಗಿ. ಟೊರಾಂಟೊ ನಗರದ ಬಯಲು ರಿಂಕ್‌ಗಳಿಗೆ (ಐಸ್ ಅಂಗಳಗಳಿಗೆ) ಚಳಿಗಾಲದಲ್ಲಿ ಶುಲ್ಕವಿಲ್ಲ. ಅಪ್ಪ ಅಮ್ಮನೂ ಬೀಳುತ್ತಾರೆ ಎಂದು ಕಂಡಾಗ ಮಕ್ಕಳ ಅರ್ಧ ಹೆದರಿಕೆ ಹೋಗುತ್ತದೆ.

ದುಡ್ಡು ಹಾಕುವುದಾದರೆ ಸ್ಕೇಟ್‌ಗೆ ಹಾಕಿ. "ಒಂದು ಸೈಜ್ ದೊಡ್ಡದು ತಗೊಳ್ಳೋಣ, ಮುಂದಿನ ವರ್ಷಕ್ಕೂ ಆಗುತ್ತೆ" ಅನ್ನುವುದು ನಮ್ಮ ಮನೆಗಳ ರೂಢಿ ಅಲ್ವಾ? ಇಲ್ಲಿ ಅದು ಬೇಡವೇ ಬೇಡ. ಸಾಮಾನ್ಯವಾಗಿ ಹಾಕಿ ಸ್ಕೇಟ್ ಕಾಲಿನ ಶೂಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದಿರುತ್ತದೆ. ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು, ಹಿಮ್ಮಡಿ ಅಲ್ಲಾಡಬಾರದು. ಚಳಿ ಅಂತ ಎರಡು ಉಣ್ಣೆ ಸಾಕ್ಸ್ ತೊಡಿಸಬೇಡಿ, ತೆಳ್ಳಗಿನದು ಒಂದು ಸಾಕು. ಸಡಿಲ ಸ್ಕೇಟ್‌ನಲ್ಲಿ ಕಣಕಾಲು ಒಳಗೆ ವಾಲುತ್ತದೆ. "ನನ್ನ ಮಗುವಿಗೆ ಇದು ಬರಲ್ಲ" ಎಂದು ಎಷ್ಟೋ ಜನ ಕೈಬಿಡುವುದು ಈ ಒಂದು ಕಾರಣಕ್ಕೆ. ನನಗೆ ತುಂಬ ಸಂಕಟ ಆಗುವುದು ಇಲ್ಲೇ. ಇನ್ನೊಂದು ಮಾತು, ಹೊಸ ಸ್ಕೇಟ್ ಅಂಗಡಿಯಿಂದ ಹರಿತವಾಗಿ ಬರುವುದಿಲ್ಲ. ಐಸ್‌ಗೆ ಇಳಿಯುವ ಮೊದಲು ಸಾಣೆ ಹಿಡಿಸಬೇಕು.

ಉಳಿದ ಸಾಮಾನು, ಅಂದರೆ ಶಿನ್ ಪ್ಯಾಡ್, ಶೋಲ್ಡರ್ ಪ್ಯಾಡ್, ಎಲ್ಬೋ ಪ್ಯಾಡ್, ಪ್ಯಾಂಟ್, ಗ್ಲೌಸ್, ಸೆಕೆಂಡ್ ಹ್ಯಾಂಡ್ ಆದರೆ ಸಾಕು. ಮಕ್ಕಳು ಬೇಗ ಬೆಳೆಯುವುದರಿಂದ ಹೊಸದರಂತಿರುವವೇ ಸಿಗುತ್ತವೆ. ಹೆಲ್ಮೆಟ್ ಮಾತ್ರ ಹೊಸದೇ ತೆಗೆದುಕೊಳ್ಳಿ. ಅದಕ್ಕೆ ಸಿಎಸ್ಎ ಎಂಬ ಕೆನಡಾದ ಸುರಕ್ಷತಾ ಗುರುತು, ಮುಖಕ್ಕೆ ಪೂರ್ತಿ ಕೇಜ್ (ತಂತಿ ಜಾಲರಿ) ಇರಬೇಕು. ಕತ್ತಿನ ಗಾರ್ಡ್‌ಗೆ ಅಂಥದ್ದೇ ಇನ್ನೊಂದು ಗುರುತು, ಬಿಎನ್‌ಕ್ಯೂ, ನೋಡಿ. ಸ್ಟಿಕ್ ನಿಲ್ಲಿಸಿದರೆ ಶೂ ಹಾಕಿದ ಮಗುವಿನ ಮೂಗಿನ ತನಕ, ಸ್ಕೇಟ್ ಹಾಕಿದಾಗ ಗಲ್ಲದ ತನಕ ಬರಬೇಕು.

ಸ್ಟಿಕ್‌ನಲ್ಲಿ ಎಡ, ಬಲ ಎಂದು ಬೇರೆ ಬೇರೆ ಇವೆ. ಕೊಡಗಿನ ಗೆಳೆಯರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. 1997ರಿಂದ ಕುಟುಂಬಕ್ಕೊಂದು ತಂಡ ಕಟ್ಟಿ ಹಾಕಿ ಹಬ್ಬ ಮಾಡುವವರಿಗೆ ಹಾಕಿ ಹೇಳಿಕೊಡಬೇಕಾ ಅಂತ. ಆದರೆ ಮೈದಾನದ ಹಾಕಿಯಲ್ಲಿ ಎಡಗೈ ಸದಾ ಮೇಲೆ, ಚೆಂಡು ಹೊಡೆಯುವುದು ಚಪ್ಪಟೆ ಮೈಯಿಂದ ಮಾತ್ರ. ಐಸ್ ಹಾಕಿಯಲ್ಲಿ ಎರಡೂ ಮೈಯಿಂದ ಪಕ್ ತಳ್ಳಬಹುದು, ಯಾವ ಕೈ ಮೇಲೆ ಅನ್ನುವುದು ಮಗುವಿಗೆ ಬಿಟ್ಟಿದ್ದು. ಮನೆಯಲ್ಲಿ ಪೊರಕೆ ಕೊಟ್ಟು ನೆಲ ಗುಡಿಸಲು ಹೇಳಿ. ಸಹಜವಾಗಿ ಹೇಗೆ ಹಿಡಿಯುತ್ತದೋ ಅದನ್ನೇ ನೋಡಿ ಸ್ಟಿಕ್ ತನ್ನಿ.

ಸೇರಿಸುವ ಕೆಲಸ ಸುಲಭ. ಆಟ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಮಾರ್ಚ್ ತನಕ ನಡೆಯುತ್ತದೆ, ನೋಂದಣಿ ಮಾತ್ರ ಎಷ್ಟೋ ಕಡೆ ಅದಕ್ಕೂ ತಿಂಗಳುಗಟ್ಟಲೆ ಮುಂಚೆ ತೆರೆಯುತ್ತದೆ. ಬೇಸಿಗೆ ರಜೆ ಮುಗಿಸಿ ಊರಿಂದ ಬಂದು ನೋಡೋಣ ಅಂದರೆ ಜಾಗ ಸಿಗದೇ ಹೋಗಬಹುದು. ಹೌಸ್ ಲೀಗ್‌ಗೆ, ಅಂದರೆ ಆಯ್ಕೆ ಪರೀಕ್ಷೆ ಇಲ್ಲದ ಊರಿನ ಲೀಗ್‌ಗೆ, ಸೇರಿಸಿ. ಆಯ್ಕೆ ಪರೀಕ್ಷೆ ಇರುವ ರೆಪ್ ತಂಡಗಳ ಯೋಚನೆ ಈಗ ಬೇಡ, ಅಲ್ಲಿ ಖರ್ಚೂ ಓಡಾಟವೂ ತುಂಬ ಜಾಸ್ತಿ. ಹೌಸ್ ಲೀಗ್ ಶುಲ್ಕವೇ ಭಾರ ಅನ್ನಿಸಿದರೆ ಮಕ್ಕಳ ಆಟದ ಖರ್ಚಿಗೆ ನೆರವು ಕೊಡುವ ಜಂಪ್‌ಸ್ಟಾರ್ಟ್ ಸಂಸ್ಥೆಗೆ ಅರ್ಜಿ ಹಾಕಬಹುದು, ಅದರಲ್ಲಿ ಸಂಕೋಚ ಏನೂ ಇಲ್ಲ.

ಏಳು ವರ್ಷದೊಳಗಿನವರನ್ನು 200 ಅಡಿ ಉದ್ದದ ಪೂರ್ತಿ ರಿಂಕ್‌ನಲ್ಲಿ ಆಡಿಸುವುದಿಲ್ಲ. ರಿಂಕನ್ನು ಭಾಗ ಮಾಡಿ ಆಡಿಸಬೇಕೆಂದು ಆಟದ ನಿಯಮ ಮಾಡುವ ಸಂಸ್ಥೆ ಹಾಕಿ ಕೆನಡಾ 2017ರಲ್ಲಿ ಕಡ್ಡಾಯ ಮಾಡಿತು. "ಇದೆಂಥ ಅರ್ಧ ಆಟ" ಎಂದು ಗೊಣಗುವವರಿದ್ದಾರೆ. ನನಗಂತೂ ಇದು ಸರಿಯಾದ ತೀರ್ಮಾನ. ಜಾಗ ಚಿಕ್ಕದಾದಷ್ಟು ನಿಧಾನದ ಮಗುವಿಗೂ ಪಕ್ ಸಿಗುತ್ತದೆ. ದೊಡ್ಡ ರಿಂಕ್‌ನಲ್ಲಿ ಜೋರಾಗಿ ಓಡುವ ಒಬ್ಬನ ಹಿಂದೆ ಉಳಿದವರೆಲ್ಲ ಸುಮ್ನೆ ಸುತ್ತಬೇಕಾಗುತ್ತದೆ.

ಅಜ್ಜಿಯರ ಭಯ ಒಂದೇ, ಏಟು. ಟಿವಿಯಲ್ಲಿ ಮೈಗೆ ಮೈ ಗುದ್ದುವುದನ್ನು ನೋಡಿರುತ್ತಾರೆ. ಹನ್ನೆರಡು ವರ್ಷದವರೆಗಿನ ಮಕ್ಕಳ ಆಟದಲ್ಲಿ ಬಾಡಿ ಚೆಕಿಂಗ್, ಅಂದರೆ ಹೀಗೆ ಬೇಕೆಂದೇ ಗುದ್ದುವುದು, ಇಲ್ಲ, 2013ರಲ್ಲೇ ತೆಗೆದರು. ಹುಡುಗಿಯರ ಆಟದಲ್ಲೂ ಇಲ್ಲ. ಆದರೂ ಡಿಕ್ಕಿ, ಬೀಳುವುದು ಇದ್ದದ್ದೇ. ತಲೆಗೆ ಏಟು ಬಿದ್ದ ಅನುಮಾನ ಬಂದರೂ ಅವತ್ತು ಮಗು ಮತ್ತೆ ಐಸ್‌ಗೆ ಇಳಿಯಬಾರದು, ಡಾಕ್ಟರಿಗೆ ತೋರಿಸಬೇಕು. ಇದರಲ್ಲಿ ಕೋಚ್ ಮಾತಿಗೂ ಮಗುವಿನ ಅಳುವಿಗೂ ಜಗ್ಗಬೇಡಿ.

ಹುಡುಗನ ಬಗ್ಗೆ ಕೇಳುವ ಮನೆಯಲ್ಲಿ ಎಷ್ಟೋ ಸಲ ಹುಡುಗಿಯೂ ಇರುತ್ತಾಳೆ. ಅವಳನ್ನೂ ಕೇಳಿ. 2024ರ ಜನವರಿ 1ರಂದು ಮಹಿಳೆಯರ ವೃತ್ತಿಪರ ಐಸ್ ಹಾಕಿ ಲೀಗ್ ಪಿಡಬ್ಲ್ಯೂಎಚ್ಎಲ್‌ನ ಮೊದಲ ಪಂದ್ಯ ನಡೆದದ್ದು ಇದೇ ಟೊರಾಂಟೊದಲ್ಲಿ. ಒಂಟಾರಿಯೊದ ಎಷ್ಟೋ ಊರುಗಳಲ್ಲಿ ಹುಡುಗಿಯರಿಗೇ ಅಂತ ಬೇರೆ ಸಂಘಗಳಿವೆ. ನಿಮ್ಮ ಊರಲ್ಲಿದ್ದರೆ ಅಲ್ಲಿಗೇ ಮೊದಲು ಫೋನ್ ಮಾಡಿ.