ಸೋನೆಯ ಮಳೆಗಾಲಕ್ಕೆ ಎರಡು ಸೂರ್ಯ: ಏಪ್ರಿಲ್‌ನಿಂದ ಜುಲೈವರೆಗಿನ ಕೆಲಸ

ನನ್ನ ಕಥೆಗಾಗಿ ಕಲ್ಪಿಸಿಕೊಂಡ ಸೋನೆ ಗ್ರಹದ ಭೂಪಟ ಒಂದು ಹಂತಕ್ಕೆ ಬಂದಿದೆ. ಊರು, ನದಿ, ಬಂದರು, ಜಾತ್ರೆಯ ಗದ್ದೆ ಎಲ್ಲ ಗುರುತಾಗಿವೆ. ಚಿತ್ರ ಬಿಡಿಸುವವಳು ಮಣಿಪಾಲದಲ್ಲಿರುವ ನನ್ನ ಗೆಳತಿ. ಲೆಕ್ಕ ಮತ್ತು ಕಥೆ ನನ್ನ ಪಾಲು. ಈಗ ಬಾಕಿ ಇರುವುದು ಆಕಾಶ.

ಕಥೆಗೆ ಬೇಕಾದದ್ದು ಇಷ್ಟು. ಸೋನೆಯಲ್ಲಿ ಮಳೆಗಾಲ ಒಂದು ವರ್ಷ ಹೊತ್ತಿಗೆ ಸರಿಯಾಗಿ ಹಿಡಿಯಬೇಕು, ಇನ್ನೊಂದು ವರ್ಷ ಅರ್ಧಕ್ಕೇ ಬಿಡಬೇಕು. ಅಜ್ಜಿ ಕಂಡ ಮಳೆ ಮೊಮ್ಮಗಳಿಗೆ ಗುರುತೇ ಸಿಗಬಾರದು. ಇದಕ್ಕೆಲ್ಲ ಯಾವುದೋ ಶಾಪ ಕಾರಣ ಅಂತ ಬರೆದುಬಿಡಬಹುದು. ನನಗೆ ಅದು ಬೇಡ. ಆ ಊರಿನ ಹುಡುಗಿಯೊಬ್ಬಳು ಹಳೆ ಕಡತಗಳನ್ನು ಹರಡಿಕೊಂಡು ಕೂತು ಲೆಕ್ಕ ಹಾಕಿದರೆ ಉತ್ತರ ಸಿಗಬೇಕು. ಅದಕ್ಕೆ ನಾಲ್ಕು ತಲೆಮಾರಿನ ಕಡತ ಬೇಕಾದರೂ ಅಡ್ಡಿಯಿಲ್ಲ.

ಏಪ್ರಿಲ್

ಮೊದಲು ನಮ್ಮ ಭೂಮಿಯನ್ನೇ ನೋಡೋಣ ಅಂತ ಶುರು ಮಾಡಿದೆ. ಸೂರ್ಯ ಹತ್ತಿರ ಬಂದರೆ ಬೇಸಿಗೆ, ದೂರ ಹೋದರೆ ಚಳಿಗಾಲ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆದರೆ ಭೂಮಿ ಸೂರ್ಯನಿಗೆ ತುಂಬಾ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲಿಗೆ ಅದು 15.2 ಕೋಟಿ. ಇದರಿಂದ ಬಿಸಿಲಿನಲ್ಲಿ ಆಗುವ ವ್ಯತ್ಯಾಸ ಶೇಕಡಾ 7ರಷ್ಟು ಮಾತ್ರ. ಋತುಗಳನ್ನು ನಡೆಸುವುದು ಭೂಮಿಯ ಅಕ್ಷದ 23.4 ಡಿಗ್ರಿಯ ವಾಲು.

ಆ ವಾಲನ್ನು ಕಣ್ಣಾರೆ ನೋಡಲು ಮಂಗಳೂರಿನಲ್ಲಿ ಏಪ್ರಿಲ್ 24 ಒಳ್ಳೆಯ ದಿನ. ಮನೆಯ ಟೆರೇಸಿನಲ್ಲಿ ಪಿವಿಸಿ ಪೈಪಿನ ಒಂದು ತುಂಡನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದೆ. ಹನ್ನೆರಡೂಕಾಲಿಗೆ ಪಶ್ಚಿಮಕ್ಕೆ ಬೆರಳಗಲದ ನೆರಳಿತ್ತು. ಅದು ಸಪೂರವಾಗುತ್ತಾ ಬಂದು 12 ಗಂಟೆ 29 ನಿಮಿಷದ ಹೊತ್ತಿಗೆ ಪೈಪಿನ ಬುಡಕ್ಕೆ ಅಂಟಿತು. ಆಗ ಮೇಲಿನಿಂದ ಬಗ್ಗಿ ನೋಡಿದರೆ ಪೈಪಿನ ಒಳಗೆ, ತಳದಲ್ಲಿ, ಬಿಸಿಲಿನ ಪೂರ್ತಿ ವೃತ್ತ. ಅಂಚಿನಲ್ಲಿ ಎಲ್ಲೂ ನೆರಳಿಲ್ಲ. ಸ್ವಲ್ಪ ಹೊತ್ತಿನಲ್ಲೇ ಪೂರ್ವದ ಕಡೆ ಕಪ್ಪು ಗೆರೆ ಮೂಡಿತು.

ಸೂರ್ಯ ಹೀಗೆ ನಮ್ಮ ನೆತ್ತಿಗೆ ಇನ್ನೊಮ್ಮೆ ಬರುವುದು ಆಗಸ್ಟ್ 18ರ ಆಸುಪಾಸಿನಲ್ಲಿ. ಆಗ ನೆರಳು ನೋಡಲಿಕ್ಕೆ ಮೋಡ ಬಿಡಬೇಕಲ್ವಾ? ಅದೇ ಸೂರ್ಯ, ಅದೇ ಎತ್ತರ. ಏಪ್ರಿಲ್‌ನಲ್ಲಿ ಬೆವರು, ಆಗಸ್ಟ್‌ನಲ್ಲಿ ಒಣಗದ ಬಟ್ಟೆ. ಕರಾವಳಿಯಲ್ಲಿ ಹುಟ್ಟಿದ ನನಗೆ ಋತು ಅಂದರೆ ಗಾಳಿ ತಿರುಗುವುದು, ಮಳೆ ಬರುವುದು, ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು. ಕಲ್ಪಿತ ಲೋಕಗಳ ತಪ್ಪುವ ಋತು ಅಂದರೆ ಹೆಚ್ಚಾಗಿ ಹಿಮ, ಮುಗಿಯದ ಚಳಿಗಾಲ. ಸೋನೆಯಲ್ಲಿ ತಪ್ಪುವುದು ಮಳೆ ಅಂತ ಅವತ್ತೇ ನಿಶ್ಚಯ ಮಾಡಿದೆ.

ಮೇ

ಈ ತಿಂಗಳು ಬೇಡದ್ದನ್ನು ತೆಗೆದು ಹಾಕುವ ಕೆಲಸ.

ಮೊದಲ ಯೋಚನೆ, ದೂರದಲ್ಲಿ ಇನ್ನೊಂದು ಸೂರ್ಯ. ಅದು ಹತ್ತಿರ ಬಂದಾಗ ಬೇಸಿಗೆ ಜಾಸ್ತಿ ಆಗಬೇಕು. ಇದಕ್ಕೆ ನಿಜವಾದ ಉದಾಹರಣೆ ನಮ್ಮ ಕಣ್ಣೆದುರೇ ಉಂಟು. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ, ಮೋಡ ಇಲ್ಲದಿದ್ದರೆ, ಪಣಂಬೂರು ಕಡಲತೀರದಿಂದ ದಕ್ಷಿಣಕ್ಕೆ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ನಕ್ಷತ್ರ ಕಾಣುತ್ತದೆ. ಬರಿಗಣ್ಣಿಗೆ ಒಂದು, ಸಣ್ಣ ದೂರದರ್ಶಕದಲ್ಲಿ ಎರಡು. ಆ ಎರಡು ಸೂರ್ಯರು ಸುಮಾರು 80 ವರ್ಷಕ್ಕೊಮ್ಮೆ ಪರಸ್ಪರ ಸುತ್ತು ಹಾಕುತ್ತಾರೆ. ತೀರಾ ಹತ್ತಿರ ಬಂದಾಗಲೂ ನಡುವಿನ ಅಂತರ ಭೂಮಿ-ಸೂರ್ಯರ ದೂರದ 11 ಪಟ್ಟು. ಚಿಕ್ಕ ಸೂರ್ಯನ ಬೆಳಕು ನಮ್ಮ ಸೂರ್ಯನ ಅರ್ಧದಷ್ಟು. ದೊಡ್ಡದರ ಸುತ್ತ ಭೂಮಿಯಂಥ ಗ್ರಹ ಇದ್ದರೆ, ಚಿಕ್ಕದರಿಂದ ಅದಕ್ಕೆ ಸಿಗುವ ಹೆಚ್ಚುವರಿ ಬಿಸಿಲು ಶೇಕಡಾ 0.4. ರಾತ್ರಿಗಳು ಬೆಳಗುತ್ತವೆ, ಕಥೆಗೆ ಚೆಂದ. ಆದರೆ ಮಳೆಗಾಲ ಅಲುಗಾಡುವುದಿಲ್ಲ.

ಎರಡನೆಯದು, ಉರುಳಾಡುವ ಲೋಕ. ಶನಿಯ ಉಪಗ್ರಹ ಹೈಪೀರಿಯನ್‌ಗೆ ಸ್ಥಿರವಾದ ಅಕ್ಷವೇ ಇಲ್ಲ. ಅದು ಗೊತ್ತುಗುರಿ ಇಲ್ಲದೆ ಉರುಳುತ್ತದೆ ಅಂತ ವಿಸ್ಡಮ್, ಪೀಲ್ ಮತ್ತು ಮಿನ್ಯಾರ್ 1984ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಲ್ಲಿ ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಅಂತ ತುಂಬಾ ಮುಂದಕ್ಕೆ ಹೇಳಲಿಕ್ಕಾಗದು. ಕೇಳಲು ರೋಮಾಂಚನ. ಆದರೆ ಹೈಪೀರಿಯನ್ ಹಾಗೆ ಉರುಳುವುದು ಅದು ಸೊಟ್ಟ ಬಂಡೆಯಾದ್ದರಿಂದ. ಕಡಲು, ಗಾಳಿ ಹಿಡಿದಿಡುವಷ್ಟು ದೊಡ್ಡ ಗ್ರಹ ತನ್ನ ಭಾರಕ್ಕೇ ದುಂಡಗಾಗಿರುತ್ತದೆ. ಸೋನೆಗೆ ಈ ದಾರಿ ಇಲ್ಲ.

ಮಂಗಳ ಗ್ರಹದ ವಾಲು 0ಯಿಂದ 60 ಡಿಗ್ರಿಯವರೆಗೆ ತೂಗಾಡಬಲ್ಲದು ಅಂತ 1993ರಲ್ಲಿ ಗೊತ್ತಾಯಿತು. ಆದರೆ ಅದು ಲಕ್ಷಾಂತರ ವರ್ಷಗಳ ಆಟ, ಅಜ್ಜಿ-ಮೊಮ್ಮಗಳ ಕಥೆಗೆ ಪ್ರಯೋಜನವಿಲ್ಲ. ಮಿನುಗು ಹೆಚ್ಚುಕಮ್ಮಿಯಾಗುವ ನಕ್ಷತ್ರವನ್ನೂ ಬಿಟ್ಟೆ. ಅದು ಎಲ್ಲ ಪ್ರಶ್ನೆಗೂ ಒಂದೇ ಸುಲಭದ ಉತ್ತರ ಕೊಡುತ್ತದೆ, ಹುಡುಗಿಗೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ.

ಜೂನ್

ಮಳೆ ಹಿಡಿದ ಮೇಲೆ ಕೆಲಸ ಓಡಿತು. ಹೊರಗೆ ಹೋಗಲಿಕ್ಕೆ ಇಲ್ಲವಲ್ಲ.

ದೂರದ ಎರಡನೇ ಸೂರ್ಯ ಸಾಕಾಗದಿದ್ದರೆ ಹತ್ತಿರದ್ದನ್ನೇ ತರೋಣ ಅನಿಸಿತು. ಅಂದರೆ ಜೋಡಿ ಸೂರ್ಯರು ನಡುವೆ, ಗ್ರಹ ಹೊರಗೆ. ಇಂಥದ್ದು ನಿಜವಾಗಿ ಇವೆ. 2011ರಲ್ಲಿ ಸಿಕ್ಕಿದ ಕೆಪ್ಲರ್-16ಬಿ ಎರಡು ಸೂರ್ಯರನ್ನು 229 ದಿನಕ್ಕೊಮ್ಮೆ ಸುತ್ತುತ್ತದೆ. 2014ರಲ್ಲಿ ಪ್ರಕಟವಾದ ಕೆಪ್ಲರ್-413ಬಿ ಇನ್ನೂ ವಿಚಿತ್ರ. ನಮ್ಮ ಕಡೆಯಿಂದ ನೋಡಿದಂತೆ ಅದು ತನ್ನ ಸೂರ್ಯನ ಎದುರು ಸುಮಾರು 180 ದಿನಗಳಲ್ಲಿ ಮೂರು ಸಲ ಹಾದುಹೋಯಿತು. ಆಮೇಲೆ 800 ದಿನ ಪತ್ತೆಯೇ ಇಲ್ಲ. ಮತ್ತೆ ಸಾಲಾಗಿ ಐದು ಸಲ. ಅದರ ಕಕ್ಷೆಯೇ ಓಲಾಡುತ್ತಿರುವುದು ಇದಕ್ಕೆ ಕಾರಣ. ಅಲ್ಲಿ ಅಕ್ಷದ ವಾಲು 11 ವರ್ಷದೊಳಗೆ 30 ಡಿಗ್ರಿಯವರೆಗೂ ಬದಲಾಗಬಹುದು, ಋತುಗಳು ದಿಕ್ಕು ತಪ್ಪಬಹುದು ಅಂತ ಕಂಡುಹಿಡಿದವರೇ ಹೇಳಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೋನೆಗೆ ನಾನು ಇಟ್ಟ ಅಳತೆಗಳು ಹೀಗಿವೆ. ದೊಡ್ಡ ಸೂರ್ಯ ನಮ್ಮದರಷ್ಟೇ. ಚಿಕ್ಕದು ತೂಕದಲ್ಲಿ ಅದರ 0.6 ಪಟ್ಟು, ಬೆಳಕಿನಲ್ಲಿ ಶೇಕಡಾ 8. ಇಬ್ಬರ ನಡುವೆ ಭೂಮಿ-ಸೂರ್ಯರ ದೂರದ ಕಾಲು ಭಾಗ. ಆಗ ಅವು 36 ದಿನಕ್ಕೆ ಒಂದು ಸುತ್ತು ಮುಗಿಸುತ್ತವೆ. ಗ್ರಹ ಭೂಮಿ-ಸೂರ್ಯರ ದೂರದ 1.05 ಪಟ್ಟು ದೂರದಲ್ಲಿ, ವರ್ಷಕ್ಕೆ 311 ದಿನ. ಇಂಥ ಜೋಡಿಯ ಸುತ್ತ ಗ್ರಹ ಉಳಿಯಬೇಕಾದರೆ ಎಷ್ಟು ದೂರ ಬೇಕು ಅಂತ ಹೋಲ್ಮನ್ ಮತ್ತು ವೀಗರ್ಟ್ 1999ರಲ್ಲಿ ಸೂತ್ರ ಕೊಟ್ಟಿದ್ದಾರೆ. ನನ್ನ ಜೋಡಿಗೆ ಅದು ಸೂರ್ಯರ ಅಂತರದ 2.4 ಪಟ್ಟು. ಸೋನೆ ಇರುವುದು 4.2 ಪಟ್ಟು ದೂರದಲ್ಲಿ. ಗಟ್ಟಿ.

ಸೋನೆಯಿಂದ ನೋಡಿದರೆ ದೊಡ್ಡ ಸೂರ್ಯ ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ಹೋಗುತ್ತಾನೆ. ಗ್ರಹವೂ ಮುಂದೆ ಸಾಗುತ್ತಿರುವುದರಿಂದ ಈ ಆಟ ಸುಮಾರು 41 ದಿನಕ್ಕೊಮ್ಮೆ ಮರುಕಳಿಸುತ್ತದೆ. ಕಡಿಮೆ ಬಿಸಿಲಿಗೂ ಹೆಚ್ಚು ಬಿಸಿಲಿಗೂ ಮೂರನೇ ಒಂದು ಪಾಲು ವ್ಯತ್ಯಾಸ. ಭೂಮಿಯ 7ರ ಎದುರು ಇದು ಶೇಕಡಾ 33! ಕಡಲು ನಿಧಾನಕ್ಕೆ ಕಾಯುವುದರಿಂದ ಬಂದರಿನ ಊರುಗಳಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಘಟ್ಟದ ಮೇಲಿನವರಿಗೆ ತಟ್ಟುತ್ತದೆ.

ನಮ್ಮ ಮಳೆಗಾಲದಲ್ಲೂ 30ರಿಂದ 60 ದಿನಗಳ ಒಂದು ಏರಿಳಿತ ಇದೆ. ನಾಲ್ಕು ದಿನ ಹುಯ್ಯುತ್ತದೆ, ಮತ್ತೆ ಬಿಸಿಲು ಬಂದು ಮಳೆ ಎಲ್ಲಿ ಹೋಯಿತು ಅನಿಸುತ್ತದೆ. ಅದರ ಒಂದು ಮುಖ್ಯ ಭಾಗವನ್ನು ಮ್ಯಾಡನ್ ಮತ್ತು ಜೂಲಿಯನ್ 1971ರಲ್ಲಿ ಗುರುತಿಸಿದರು. ನಮ್ಮಲ್ಲಿ ಅದು ಗಾಳಿ ಮತ್ತು ಕಡಲಿನ ಒಳಗಿನ ಆಟ. ಸೋನೆಯಲ್ಲಿ ಅದಕ್ಕೆ ಆಕಾಶವೇ ತಾಳ ಹಾಕುತ್ತದೆ.

ಈ 41 ದಿನದ ಲೆಕ್ಕದಲ್ಲಿ ಒಂದು ಸೊಗಸು ಸಿಕ್ಕಿತು. 311ನ್ನು 41ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ, 7.6 ಬರುತ್ತದೆ. ಹಾಗಾಗಿ ಈ ವರ್ಷ ಬಿತ್ತನೆ ಹೊತ್ತಿಗೆ ಬಿಸಿಲಿನ ಏರು ಬಂದರೆ ಮುಂದಿನ ವರ್ಷ ಇಳಿತ. ಆದರೆ ಐದು ವರ್ಷಕ್ಕೆ 38 ಸುತ್ತು ಮುಗಿದು ಎಲ್ಲ ಮೊದಲಿನ ಜಾಗಕ್ಕೆ ಬರುತ್ತದೆ, ಒಂದೂವರೆ ದಿನದ ವ್ಯತ್ಯಾಸ ಬಿಟ್ಟರೆ. ನಮ್ಮ ವೇದಾಂಗ ಜ್ಯೋತಿಷದಲ್ಲೂ ಐದು ವರ್ಷದ ಯುಗ ಇದೆ! ನಾನು ಬೇಕು ಅಂತ ಹೊಂದಿಸಿದ್ದಲ್ಲ, ತಾನಾಗಿ ಬಂತು. ಖುಷಿಯಿಂದ ಕಾಪುವಿನಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಹಾಗಾದ್ರೆ ಅಲ್ಲಿ ಪಂಚಾಂಗ ಬರೆಯುವವ ಎಂತ ಮಾಡುವುದು ಮಗಾ?"

"ಐದು ವರ್ಷದ್ದು ಒಮ್ಮೆ ಬರೆದಿಡ್ತಾನೆ ದೊಡ್ಡಮ್ಮ. ಮತ್ತೆ ಅದನ್ನೇ ನೋಡಿ ಹೇಳ್ತಾನೆ."

"ಒಂದೂವರೆ ದಿನ ತಪ್ಪುತ್ತದೆ ಅಂದೆಯಲ್ಲ. ಅವನ ಮೊಮ್ಮಗನಿಗೆ ಊರವರ ಬೈಗುಳ ಗ್ಯಾರಂಟಿ."

ನಿಜವಾಗಿಯೂ ಹಾಗೇ ಆಗುತ್ತದೆ. ಸೋನೆಯ 67 ವರ್ಷ ಕಳೆಯುವ ಹೊತ್ತಿಗೆ ತಪ್ಪು ಸೇರುತ್ತಾ 20 ದಿನ ದಾಟುತ್ತದೆ, ಅಂದರೆ ಅರ್ಧ ಸುತ್ತು. ಅಜ್ಜ ಏರು ಅಂತ ಬರೆದ ದಿನ ಇಳಿತ. ಪಂಚಾಂಗ ಪೂರ್ತಿ ತಲೆಕೆಳಗು. ಈ ಬೈಗುಳದ ದೃಶ್ಯ ಕಥೆಗೆ ಬಂದೇ ಬರುತ್ತದೆ, ಅದು ದೊಡ್ಡಮ್ಮನ ಕೊಡುಗೆ.

ಜುಲೈ

ಇನ್ನು ದೊಡ್ಡ ಗಡಿಯಾರ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಸೋನೆಯ ಕಕ್ಷೆಯನ್ನು ಸೂರ್ಯರ ಕಕ್ಷೆಗೆ 10 ಡಿಗ್ರಿ ಓರೆಯಾಗಿ ಇಟ್ಟಿದ್ದೇನೆ. ಎರಡೂ ಕಕ್ಷೆಗಳು ಕತ್ತರಿಸುವ ಎರಡು ಬಿಂದುಗಳಿರುತ್ತವೆ. ನಮ್ಮಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಇಂಥ ಬಿಂದುಗಳೇ ರಾಹು ಮತ್ತು ಕೇತು. ಅವು ನಿಂತಲ್ಲಿ ನಿಲ್ಲುವುದಿಲ್ಲ, ಹಿಂದಕ್ಕೆ ಜಾರುತ್ತಾ 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ. ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಚಂದ್ರನ ದಾರಿ 5 ಡಿಗ್ರಿ ಓರೆ. ಹಾಗಾಗಿ ಕೆಲವು ವರ್ಷ ಚಂದ್ರ ಆಕಾಶದ ನಡುಗೆರೆಯಿಂದ 28.5 ಡಿಗ್ರಿವರೆಗೆ ಉತ್ತರಕ್ಕೂ ದಕ್ಷಿಣಕ್ಕೂ ಹೋಗುತ್ತಾನೆ, ಕೆಲವು ವರ್ಷ 18.5ಕ್ಕೇ ತಿರುಗುತ್ತಾನೆ. 2024-25ರಲ್ಲಿ ಅವನು ದೊಡ್ಡ ಹರವಿನಲ್ಲಿದ್ದ.

ಸೋನೆಯಲ್ಲಿ ಇದೇ ಆಟವನ್ನು ಆಡುವುದು ಗ್ರಹದ ಸ್ವಂತ ಕಕ್ಷೆ. ಜೋಡಿ ಸೂರ್ಯರ ಎಳೆತಕ್ಕೆ ಅದರ ರಾಹು ಹಿಂದಕ್ಕೆ ಜಾರುತ್ತದೆ. ಕೈಲೆಕ್ಕದಲ್ಲಿ ಒಂದು ಸುತ್ತಿಗೆ ಭೂಮಿಯ 85 ವರ್ಷ, ಸೋನೆಯ ಸರಿಸುಮಾರು 100 ವರ್ಷ. ಅಕ್ಷ ಮಾತ್ರ ಅಷ್ಟು ಬೇಗ ತಿರುಗುವುದಿಲ್ಲ, ಅದಕ್ಕೆ ಸಾವಿರಾರು ವರ್ಷ ಬೇಕು. ಅಕ್ಷ ಅಲ್ಲೇ ನಿಂತಿದೆ, ಕೆಳಗಿನ ಕಕ್ಷೆ ಓಲಾಡುತ್ತಿದೆ. ಅಕ್ಷವನ್ನು ಸೂರ್ಯರ ಕಕ್ಷೆಗೆ 15 ಡಿಗ್ರಿ ವಾಲಿಸಿದರೆ, ಗ್ರಹದ ಋತುಗಳನ್ನು ಆಳುವ ವಾಲು 5 ಡಿಗ್ರಿಯಿಂದ 25 ಡಿಗ್ರಿವರೆಗೆ ಹೋಗಿ ಬರುತ್ತದೆ. ಒಂದೇ ಆಯುಷ್ಯದೊಳಗೆ!

ಮಳೆಗೆ ಇದರ ಅರ್ಥ ಏನು? ಬಿಸಿಲಿನ ಲೆಕ್ಕ ಬದಲಾದರೆ ಮಳೆ ಎಷ್ಟು ದೂರ ಸರಿಯಬಲ್ಲದು ಅನ್ನುವುದಕ್ಕೆ ಭೂಮಿಯಲ್ಲೇ ಸಾಕ್ಷಿ ಇದೆ. ಸುಮಾರು 11 ಸಾವಿರದಿಂದ 5 ಸಾವಿರ ವರ್ಷಗಳ ಹಿಂದೆ ಸಹಾರಾದಲ್ಲಿ ಹುಲ್ಲುಗಾವಲು, ಕೆರೆಗಳು ಇದ್ದವು. ಆ ಕಾಲದ ಮೊದಲ ಭಾಗದಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತಿದ್ದದ್ದು ಉತ್ತರದ ಬೇಸಿಗೆಯಲ್ಲಿ. ನೆಲ ಹೆಚ್ಚು ಕಾಯ್ದು ಮಳೆಗಾಳಿಯನ್ನು ಉತ್ತರಕ್ಕೆ ಎಳೆಯಿತು. ಸೋನೆಯಲ್ಲಿ ವಾಲು 25 ಆಗಿರುವ ದಶಕಗಳಲ್ಲಿ ನಮ್ಮಂತೆಯೇ ದೊಡ್ಡ ಮಳೆಗಾಲ. 5ಕ್ಕೆ ಇಳಿದಾಗ ಸೂರ್ಯರು ಸಮಭಾಜಕ ಬಿಟ್ಟು ಅಲುಗುವುದೇ ಇಲ್ಲ, ಮಳೆಪಟ್ಟಿಯೂ ಅಲ್ಲೇ. ಆಗ ವರ್ಷದ ಋತುಗಳು ಮಸುಕಾಗಿ 41 ದಿನದ ತಾಳ ಮಾತ್ರ ಕೇಳಿಸುತ್ತದೆ: ವರ್ಷಕ್ಕೆ ಏಳೆಂಟು ಸಣ್ಣ ಸಣ್ಣ ಮಳೆ. ಭತ್ತಕ್ಕೆ ಅದು ಸಾಲದು, ಬೇಗ ಕೊಯ್ಲಿಗೆ ಬರುವ ಬೆಳೆ ಬೇಕು. ಮುದುಕರು "ನಮ್ಮ ಕಾಲದಲ್ಲಿ ಮಳೆ ಅಂದ್ರೆ ಮಳೆ" ಅಂದರೆ ಅಲ್ಲಿ ಅದು ಅಕ್ಷರಶಃ ಸತ್ಯ.

ಹುಡುಗಿಗೆ ಈ ಗುಟ್ಟು ಸಿಗುವುದು ಗ್ರಹಣದಿಂದ. ಚಿಕ್ಕ ಸೂರ್ಯ ದೊಡ್ಡವನ ಎದುರು ಹಾದುಹೋದರೆ ಹಗಲಿನ ಬೆಳಕು ಹೆಚ್ಚೆಂದರೆ ಅರ್ಧದಷ್ಟು ಇಳಿಯುತ್ತದೆ, ಕೆಲವು ಗಂಟೆಗಳ ಕಾಲ. ಗ್ರಹ ತನ್ನ ರಾಹು-ಕೇತು ಬಿಂದುಗಳ ಹತ್ತಿರ ಇದ್ದಾಗ ಮಾತ್ರ ಇದು ಸಾಧ್ಯ. ಕೆಲವು ವರ್ಷ ಎರಡು ಗ್ರಹಣ, ಕೆಲವು ವರ್ಷ ಒಂದೂ ಇಲ್ಲ. ಆದರೆ ಗ್ರಹಣ ಸಾಧ್ಯವಾಗುವ ದಿನಗಳು ವರ್ಷಕ್ಕೆ ಮೂರು ದಿನದಂತೆ ಹಿಂದೆ ಸರಿಯುತ್ತವೆ. ದೇವಸ್ಥಾನದ ಕಡತದಲ್ಲಿ ನಾಲ್ಕು ತಲೆಮಾರಿನ ಗ್ರಹಣದ ದಿನಗಳು ಇದ್ದರೆ ಸಾಕು, ಮಳೆಯ ಸುತ್ತೂ ಅದರೊಳಗೇ ಇರುತ್ತದೆ.

ಈಗ ಇದೆಲ್ಲವನ್ನೂ ಗ್ರಹ-ನಕ್ಷತ್ರಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ರಿಬೌಂಡ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಹಾಕಿ ಸಾವಿರ ವರ್ಷ ಓಡಿಸುತ್ತಿದ್ದೇನೆ. ಕೈಲೆಕ್ಕದ 85 ಅಲ್ಲಿ ಎಷ್ಟಾಗುತ್ತದೆ ನೋಡಬೇಕು.

ಉಳಿದದ್ದು ಚಂದ್ರನ ವಿಷಯ. ದೊಡ್ಡ ಚಂದ್ರ ಹತ್ತಿರ ಇದ್ದರೆ ಅಕ್ಷ ಬೇಗ ತಿರುಗಲು ಶುರುವಾಗಿ ನನ್ನ ಲೆಕ್ಕ ಕೆಡಬಹುದು. ಹಾಗಾಗಿ ಸೋನೆಗೆ ಚಂದ್ರ ಬೇಡ ಅಂದೆ. ಗೆಳತಿ ಒಪ್ಪಲಿಲ್ಲ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುವವರನ್ನು ಅವಳು ಆಗಲೇ ಬಿಡಿಸಿ ಆಗಿತ್ತು. ಚಂದ್ರ ಇಲ್ಲದೆ ಭರತ-ಇಳಿತ ಎಲ್ಲಿಂದ? ಲೆಕ್ಕ ಹಾಕಿ ನೋಡಿದರೆ ಇಬ್ಬರು ಸೂರ್ಯರ ಎಳೆತವೇ ನಮ್ಮ ಚಂದ್ರನ ಎಳೆತದ ಶೇಕಡಾ 60ರಷ್ಟು ಬರುತ್ತದೆ. ಇಳಿತ ದಿನಾ ಹೆಚ್ಚುಕಮ್ಮಿ ಒಂದೇ ಗಂಟೆಗೆ ಆಗುತ್ತದೆ, ನಮ್ಮಲ್ಲಿ ಆಗುವಂತೆ ಪ್ರತಿದಿನ ಮುಂದೆ ಹೋಗುವುದಿಲ್ಲ. ಚಿತ್ರ ಹಾಗೇ ಇರಲಿ, ಬೆಳಕು ಮಾತ್ರ ಬೆಳಗ್ಗಿನದ್ದು ಮಾಡು ಅಂತ ಅವಳಿಗೆ ಹೇಳಿದ್ದೇನೆ.